ನಾಹೀದಾ ಅಕ್ಕೋರು ಹಿಡಿದ ತಪ್ಪು

ನಿವೃತ್ತ ವಿಜ್ಞಾನ ಶಿಕ್ಷಕಿ ವಿರೂಪಾಕ್ಷಮ್ಮನವರು ತೀರಿಕೊಂಡ ಸುದ್ದಿ ಬಂದ ಬೆಳಗ್ಗೆ ನಾಹೀದಾ ಶಾಲೆಯ ಪ್ರಯೋಗದ ಕೋಣೆಯಲ್ಲಿ ಲೋಲಕದ ಗುಂಡುಗಳಿಗೆ ದಾರ ಕಟ್ಟುತ್ತಿದ್ದರು. ಶಾಲೆಯ ಗಂಟೆ ಇನ್ನೂ ಬಾರಿಸಿರಲಿಲ್ಲ. ಜವಾನ ಕಳಕಪ್ಪ ಬಾಗಿಲಲ್ಲಿ ನಿಂತು, "ಅಕ್ಕೋರ, ನಮ್ಮ ದೊಡ್ಡಕ್ಕೋರು ಹೋಗಿಬಿಟ್ರಂತ್ರಿ" ಎಂದ. ನಾಹೀದಾರ ಕಣ್ಣು ತುಂಬಿತು. ಆದರೆ ಕಣ್ಣೀರಿಗಿಂತ ಮೊದಲು ಎದೆಯಲ್ಲಿ ಎದ್ದದ್ದು ಹಳೆಯ ಹೊಟ್ಟೆಕಿಚ್ಚು.

"ಸುಳ್ಳು ಯಾಕ ಹೇಳ್ಲಿ? ಬದುಕಿದ್ದವರನ್ನ ಒಂದಿಲ್ಲೊಂದಿನ ಮೀರಿಸಬಹುದು. ಸತ್ತವರನ್ನ ಹೆಂಗ ಮೀರಿಸ್ತೀರಿ?" ಎಂದು ನಾಹೀದಾ ಈಗಲೂ ಕೇಳುತ್ತಾರೆ.

ಯಲಬುರ್ಗಾ ಸೀಮೆಯ ಮಂಗಳೂರೆಂಬ ಹಳ್ಳಿಯ ಸಮೀಪದ ಪ್ರೌಢಶಾಲೆಯೊಂದರಲ್ಲಿ ನಾಹೀದಾ ವಿಜ್ಞಾನದ ಅತಿಥಿ ಶಿಕ್ಷಕಿ. ತಳಕಲ್ಲಿನಿಂದ ಮೊದಲ ಬಸ್ಸಿಗೆ ಬರುತ್ತಾರೆ. ತಂದೆ ಉಮರಸಾಬರು ಪಾತ್ರೆಗಳಿಗೆ ಕಲಾಯಿ ಹಾಕಿ ಮಗಳನ್ನು ಓದಿಸಿದರು. ಬೇಸಿಗೆ ರಜೆ ಬಂದರೆ ನಾಹೀದಾರಿಗೆ ಕೆಲಸವಿಲ್ಲ. ಜೂನಿನಲ್ಲಿ ಮತ್ತೆ ಕರೆದರೆ ಉಂಟು. ವಿರೂಪಾಕ್ಷಮ್ಮನವರು ನಿವೃತ್ತರಾದ ಮೇಲೆ ಅವರ ತರಗತಿಗಳು ಇವರ ಪಾಲಿಗೆ ಬಂದವು, ಅವರಿಗಿದ್ದ ಹೆಸರು ಬರಲಿಲ್ಲ. ಮಕ್ಕಳ ಪ್ರಯೋಗ ತಪ್ಪಿದರೆ, ಅಳತೆಪಟ್ಟಿಯ ತುದಿ ಸವೆದಿದೆ, ಉಷ್ಣಮಾಪಕ ಪಾತ್ರೆಯ ತಳಕ್ಕೆ ತಾಗಿದೆ ಎಂದು ಆ ಹಿರಿಯರು ಬಾಗಿಲಿನಿಂದಲೇ ಹೇಳುತ್ತಿದ್ದರಂತೆ. ನಾಹೀದಾ ಬಗ್ಗಿ, ಒಂದೊಂದನ್ನೇ ನೋಡಿ ಹೇಳಬೇಕು.

ದೊಡ್ಡಕ್ಕೋರಿಗೆ ಮಣ್ಣು ಕೊಟ್ಟು ಬಂದ ಮರುದಿನ ಒಂಬತ್ತನೆಯ ತರಗತಿಗೆ ಲೋಲಕದ ಪ್ರಯೋಗ. ಗುಂಡು ಇಪ್ಪತ್ತು ಸಲ ಹೋಗಿಬರಲು ಎಷ್ಟು ವೇಳೆ ಹಿಡಿಯುತ್ತದೆಂದು ಅಳೆಯಬೇಕು. ಎಲ್ಲ ಗುಂಪಿನವರದೂ ಇರಬೇಕಾದುದಕ್ಕಿಂತ ತುಸು ಕಡಿಮೆ. ನಾಹೀದಾ ದಾರ ಅಳೆದರು, ಗಡಿಯಾರ ಬದಲಿಸಿದರು. ತಪ್ಪು ಸಿಗಲಿಲ್ಲ.

"ದೊಡ್ಡಕ್ಕೋರು ಇದ್ದಿದ್ರ ಇಷ್ಟೊತ್ತಿಗೆ ಹೇಳಿ ಚಾ ಕುಡಿಯಾಕ ಹೋಗಿರ್ತಿದ್ರು" ಎಂದಳು ಉಜ್ಮಾ ಎಂಬ ಹುಡುಗಿ. ತರಗತಿಯೆಲ್ಲ ನಕ್ಕಿತು.

ಆ ನಗು ಚುಚ್ಚಿತು. ನಾಹೀದಾ ನೋಡುವುದನ್ನು ಬಿಟ್ಟು, ಕಣ್ಣು ಮುಚ್ಚಿ ಕೇಳತೊಡಗಿದರು. ಗುಂಡನ್ನು ಕೈಬಿಡುವಾಗಲೇ ಮಕ್ಕಳು "ಲಾಭ" ಎನ್ನುತ್ತಿದ್ದರು. ಒಮ್ಮೆ ಹೋಗಿಬಂದಾಗ "ಎರಡು". ಕಣದಲ್ಲಿ ಜೋಳ ಅಳೆಯುವವರು ಮೊದಲ ಕೊಳಗಕ್ಕೆ ಒಂದು ಎನ್ನುವುದಿಲ್ಲ, ಲಾಭ ಎನ್ನುತ್ತಾರೆ. ಹಿರಿಯರ ಒಳ್ಳೆಯ ಪದ್ಧತಿಯೇ. ಆದರೆ ಇಲ್ಲಿ ಗುಂಡು ಹೊರಡುವ ಮೊದಲೇ ಒಂದು ಎಣಿಕೆ ಆಗಿಹೋಗುತ್ತಿತ್ತು; ಇಪ್ಪತ್ತು ಎಂದಾಗ ಅದು ಹೋಗಿಬಂದದ್ದು ಹತ್ತೊಂಬತ್ತೇ ಸಲ.

"ಉಜ್ಮಾ, ಕೊಳಗ ತುಂಬೂದಕ್ಕ ಮೊದ್ಲ ಲಾಭ ಅಂತಾರೇನ?"

"ಅಂದ್ರ ನಮ್ಮಜ್ಜ ಬಡಿಗಿ ತಗೋತಾನ್ರಿ!"

"ಹಂಗಾರ ಕೈ ಬಿಡುವಾಗ ಸೊನ್ನಿ ಅನ್ರಿ. ಹೋಗಿ ಬಂದಮ್ಯಾಲ ಲಾಭ."

ವೇಳೆ ಸರಿಬಂತು. ಮಕ್ಕಳು ಮೇಜು ಬಡಿದರು. "ನಮ್ಮಕ್ಕನ ಕ್ಲಾಸಿನ್ಯಾಗೂ ಹಿಂಗ ಆಗಿತ್ರಿ ಅಕ್ಕೋರ. ದೊಡ್ಡಕ್ಕೋರು ಪಾಪ, ದಾರಕ್ಕ ಬೈದಿದ್ರಂತ!" ಎಂದಳು ಉಜ್ಮಾ.

ಇಂಥದೊಂದು ಮಾತಿಗಾಗಿಯೇ ನಾಹೀದಾ ಕಾದಿದ್ದರು. ಹಿಗ್ಗು ಮಾತ್ರ ಬಹಳ ಹೊತ್ತು ನಿಲ್ಲಲಿಲ್ಲ.

"ಓಡಿಹೋಗಿ ಅವರಿಗೆ ಹೇಳಬೇಕು ಅನಿಸ್ತು ನೋಡ್ರಿ. ಅವರ ಮಾರಿ ಸಣ್ಣದಾಗೂದು ನೋಡಬೇಕಿತ್ತು. ಭೇಷ್ ಅಂದಿದ್ರೂ ಅವರ ಬಾಯಿಂದನ ಕೇಳಬೇಕಿತ್ತು. ಎಲ್ಲಿಗೆ ಹೋಗ್ಲಿ? ಹೊಟ್ಟಿಕಿಚ್ಚು ಈಗೂ ಐತ್ರಿ. ಅದನ್ನ ತಗೊಂಡು ಹೋಗಾಕ ಮನಿನ ಇಲ್ಲ" ಎನ್ನುತ್ತಾರೆ ನಾಹೀದಾ.

ಸಂಜೆಯ ನಮಾಜು ಮುಗಿದ ಮೇಲೆ ಅವರು ಎರಡೂ ಕೈಯೆತ್ತಿ ಕೂರುತ್ತಾರೆ. ತಮ್ಮವರ ಹೆಸರುಗಳೆಲ್ಲ ಮುಗಿದರೂ ಕೈ ಇಳಿಯುವುದಿಲ್ಲ.

"ಯಾ ಅಲ್ಲಾ, ನಮ್ಮ ದೊಡ್ಡಕ್ಕೋರ ಜೀವಕ್ಕ ಶಾಂತಿ ಕೊಡು."