ಕೊಳದ ಬದಿಯ ಸಟ್ಟುಗ

ನನ್ನ ಮಾವ, ಹೆಂಡತಿಯ ಅಪ್ಪ, ಉಡುಪಿ ಕಡೆಯವರು. ಮುಂಬೈ ಬಳಿಯ ಡೊಂಬಿವಲಿಯಲ್ಲಿ, ಎಂಐಡಿಸಿ ಕೈಗಾರಿಕಾ ಪ್ರದೇಶದ ಹತ್ತಿರ ಬಹಳ ಕಾಲ ಹೋಟೆಲ್ ನಡೆಸಿದವರು. ಅವರ ಅಡುಗೆಮನೆಯಲ್ಲಿ ಒಂದು ಕಟ್ಟುನಿಟ್ಟಿನ ನಿಯಮವಿತ್ತು. ಕಾದ ಎಣ್ಣೆಯ ಬಾಣಲೆಯ ಮುಂದೆ ನಿಂತವನು, ಬಜ್ಜಿ-ಬಜೆ ತೆಗೆಯುವ ತೂತಿನ ಸಟ್ಟುಗವನ್ನು ಇನ್ನೊಬ್ಬನ ಕೈಗೆ ಕೊಡದೆ ಕದಲುವಂತಿಲ್ಲ. ಗೋಡೆಗೆ ಒರಗಿಸಿ ಹೋಗುವಂತಿಲ್ಲ, 'ನೋಡ್ಕೋ' ಎಂದು ಕೂಗಿ ಹೋಗುವಂತೆಯೂ ಇಲ್ಲ.

ಕಳೆದ ಬೇಸಿಗೆಯಲ್ಲಿ ಮಗಳ ಹುಟ್ಟುಹಬ್ಬವನ್ನು ಠಾಣೆ ನಗರದ ನಮ್ಮ ವಸತಿ ಸೊಸೈಟಿಯ ಈಜುಕೊಳದ ಬದಿಯಲ್ಲಿ ಮಾಡಿದೆವು. ಅವಳಿಗೆ ಏಳು ತುಂಬಿತ್ತು. ನೀರಿನಲ್ಲಿ ಆಡುತ್ತಿದ್ದ ಮಗಳನ್ನು ನಾನು ನೋಡುತ್ತಿದ್ದೇನೆ ಎಂದು ಹೆಂಡತಿ ಅಂದುಕೊಂಡಿದ್ದಳು. ನಾನು ಮಾವ ನೋಡುತ್ತಿದ್ದಾರೆ ಅಂದುಕೊಂಡಿದ್ದೆ. ಮಾವ ಕೊಳದ ಕಾವಲುಗಾರನನ್ನು ನಂಬಿದ್ದರು. ಅವನು, ಇಷ್ಟು ಜನ ದೊಡ್ಡವರಿದ್ದಾರಲ್ಲ ಎಂದು ಊಟದ ಡಬ್ಬಿ ಬಿಚ್ಚಲು ಹೋಗಿದ್ದ.

ಮಗಳು ಚೆಂಡಿನ ಹಿಂದೆ ಆಳದ ಕಡೆಗೆ ಜಾರಿದ್ದಳು. ಕೂಗಲಿಲ್ಲ, ಕೈ ಬೀಸಲಿಲ್ಲ. ತಲೆ ಹಿಂದಕ್ಕೆ ವಾಲಿತ್ತು, ಬಾಯಿ ನೀರಿನ ಮಟ್ಟದಲ್ಲಿತ್ತು. ನೋಡಿದರೆ ಆಡುತ್ತಿದ್ದಾಳೆ ಅನ್ನಿಸುವಂತಿತ್ತು. ಕೇಕಿನ ತಟ್ಟೆ ಹಿಡಿದಿದ್ದ ಹೆಂಡತಿಗೆ ಅದು ಆಟವಲ್ಲವೆಂದು ಹೊಳೆಯಿತು. ಉಟ್ಟ ಸೀರೆಯಲ್ಲೇ ನೀರಿಗಿಳಿದು ಎತ್ತಿಕೊಂಡಳು. ಮಗಳು ಕೆಮ್ಮಿದಳು, ಅತ್ತಳು. ಡಾಕ್ಟರು ಸಂಜೆಯವರೆಗೆ ಇರಿಸಿಕೊಂಡು ಮನೆಗೆ ಕಳಿಸಿದರು.

ಪತ್ರಿಕೆಯ ಡೆಸ್ಕಿನಲ್ಲಿ ಇಂಥ ಸುದ್ದಿಗಳನ್ನು ನಾನು ತಿದ್ದುತ್ತಲೇ ಇರುತ್ತೇನೆ. 'ಮನೆಯವರು ಸಮೀಪದಲ್ಲೇ ಇದ್ದರು' ಎಂಬ ಸಾಲು ಹೆಚ್ಚಾಗಿ ಕೊನೆಯಲ್ಲಿ ಬರುತ್ತದೆ. ಈಗ ಅದನ್ನು ಮೇಲಕ್ಕೆ ತರುತ್ತೇನೆ.

ಮುಂದಿನ ಭಾನುವಾರ ಮಾವ ಲೋಕಲ್ ರೈಲು ಹತ್ತಿ ಬಂದರು. ಕೈಯಲ್ಲಿ ಹಳೆಯ ಪೇಪರು ಸುತ್ತಿದ ಉದ್ದನೆಯದೇನೋ ಇತ್ತು. ಬಿಚ್ಚಿದರೆ, ಹೋಟೆಲಿನ ಅದೇ ಸಟ್ಟುಗ.

"ಬಾಣಲೆ ಹತ್ರ ಐದು ಜನ ನಿಂತ ದಿನವೇ ಬಜೆ ಕರಟುವುದು ಮಾರಾಯ್ರೆ," ಅಂದರು. "ಇದು ಕೈಯಲ್ಲಿದ್ದವ ನೀರು ಮಾತ್ರ ನೋಡ್ಬೇಕು. ಫೋನ್ ಇಲ್ಲ, ಹರಟೆ-ಪಟ್ಟಾಂಗ ಇಲ್ಲ."

ಕೊಳದ ಬದಿಯಲ್ಲಿ ಅದನ್ನು ಕಂಡು ಸೊಸೈಟಿಯವರು ನಕ್ಕರು. ಇವತ್ತು ಯಾವ ಬಜೆ ಎಂದು ಸೆಕ್ರೆಟರಿ ಕೇಳಿದರು. ಮಾವ ಸಟ್ಟುಗವನ್ನು ಅವರ ಕೈಗೇ ಕೊಟ್ಟು ಚಹಾ ಕುಡಿಯಲು ಹೋದರು. ಪಾಪ, ಸೆಕ್ರೆಟರಿ ಅಲ್ಲಾಡದೆ ನಿಂತಿದ್ದರು. ಆಮೇಲೆ ಕೊಳದ ಗೇಟಿಗೆ ಮಕ್ಕಳ ಕೈಗೆಟುಕದ ಚಿಲಕ ಬಂತು. ಕಾವಲುಗಾರನೂ ಈಗ ಸಟ್ಟುಗ ಒಪ್ಪಿಸದೆ ಊಟಕ್ಕೆ ಏಳುವುದಿಲ್ಲ.

ಆದರೆ ಮಗಳು ಮಾತ್ರ ನೀರಿಗೆ ಇಳಿಯುತ್ತಿರಲಿಲ್ಲ. ಮಳೆಗಾಲವಿಡೀ, ಮಾವ ಬಂದಾಗಲೆಲ್ಲ, ಅಜ್ಜನ ಕುರ್ಚಿಗೆ ಅಂಟಿಕೊಂಡು ಬೇರೆ ಮಕ್ಕಳನ್ನು ನೋಡುತ್ತಿದ್ದಳು. ಮಾವ ಒಮ್ಮೆಯೂ ಒತ್ತಾಯಿಸಲಿಲ್ಲ. ದೀಪಾವಳಿ ಕಳೆದ ಮೇಲೆ ಒಂದು ಬೆಳಿಗ್ಗೆ ತಾನಾಗಿಯೇ ಮೆಟ್ಟಿಲವರೆಗೆ ಹೋಗಿ ತಿರುಗಿ ನಿಂತಳು. ಸಟ್ಟುಗ ಅವಳ ಬಾಯಲ್ಲಿ ಮರಾಠಿಯ ಝಾರಾ.

"ಅಜ್ಜಾ, ಝಾರಾ ಕಿಸ್ಕೆ ಪಾಸ್ ಹೈ?"

ಯಾರ ಕೈಯಲ್ಲಿದೆ ಎಂದು ಕೇಳಿದ್ದಕ್ಕೆ ಮಾವ ಅದನ್ನು ಎತ್ತಿ ತೋರಿಸಿದರು. ಅವಳು ಇಳಿದಳು.

ಅಷ್ಟರಲ್ಲಿ ಹೆಂಡತಿ ಬಿಸಿ ಗೋಳಿಬಜೆ ತಂದಳು. ಮಾವನಿಗೆ ಅದೆಂದರೆ ಜೀವ. ನಾನು ತಟ್ಟೆಯನ್ನು ಅವರ ಮುಂದೆ ಹಿಡಿದೆ. ಅವರು ನೀರಿನಿಂದ ಕಣ್ಣು ತೆಗೆಯದೆ ಹೇಳಿದರು: "ಮೊದಲು ಇದನ್ನು ಹಿಡೀರಿ. ಆಮೇಲೆ ತಿಂತೇನೆ."

ನಾನು ತಟ್ಟೆ ಕೆಳಗಿಟ್ಟು ಕೈ ಚಾಚಿದೆ.