ಮೊಲ್ಲಿಯ ವಿಳಾಸ

ಹಿತ್ತಿಲಿನಲ್ಲಿ ಆಲೂಗಡ್ಡೆ ನೆಡುವಾಗ ಓಜೆಲ್ಲಾ ಚಂದ್ರನನ್ನು ಕೇಳುತ್ತಿದ್ದಳೇ ಹೊರತು ಗಂಡನನ್ನು ಕೇಳುತ್ತಿರಲಿಲ್ಲ. ನೆಲದೊಳಗೆ ಬೆಳೆಯುವುದನ್ನು ಕೃಷ್ಣಪಕ್ಷದಲ್ಲಿ ನೆಡಬೇಕು, ಮೇಲೆ ಬೆಳೆಯುವುದನ್ನು ಶುಕ್ಲಪಕ್ಷದಲ್ಲಿ ನೆಡಬೇಕು ಎಂಬುದು ವೆಸ್ಟ್ ವರ್ಜೀನಿಯಾದ ಆ ಬೆಟ್ಟದ ಸಂದಿನ ಊರಿನಲ್ಲಿ ಬೈಬಲ್ಲಿಗಿಂತ ಒಂದೇ ಮೆಟ್ಟಿಲು ಕೆಳಗಿದ್ದ ನಿಯಮ. ಎಪ್ಪತ್ತು ದಾಟಿದ ಮೇಲೂ ಬಟಾಣಿಗೆ ಕಡ್ಡಿ ಊರುವುದರಿಂದ ಹಿಡಿದು ಕೋಳಿಗಳಿಗೆ ಬೈಯುವವರೆಗೆ ಎಲ್ಲವೂ ಅವಳದೇ. ಗಂಡ ಡೆಂಜಿಲ್ ಸಾಲು ಎಳೆದುಕೊಡುತ್ತಿದ್ದ. ಆ ಸಾಲುಗಳನ್ನು ನೋಡಿದವರು, ಇಲ್ಲಿ ಕುಡಿದ ಹಾವೊಂದು ಹರಿದುಹೋಗಿದೆ ಎಂದುಕೊಳ್ಳಬೇಕು.

ಹಿತ್ತಿಲು ಅವಳದಾದರೆ ಕಾಡು ಅವನದು. ಹಿಮ ಕರಗಿದ ಮೇಲೆ ಮೊದಲು ಏಳುವುದು ರ‍್ಯಾಂಪ್ ಎಂಬ ಕಾಡುಬೆಳ್ಳುಳ್ಳಿ. ಅದನ್ನು ಹಂದಿಯ ಕೊಬ್ಬಿನಲ್ಲಿ ಹುರಿದು ತಿಂದವನ ಹತ್ತಿರ ಅವನ ನಾಯಿಯೂ ಮಲಗುವುದಿಲ್ಲ. ಅದು ಮುಗಿದು, ಓಕ್ ಮರದ ಚಿಗುರು ಅಳಿಲಿನ ಕಿವಿಯಷ್ಟಾದಾಗ ಬರುವುದು ಅಣಬೆ. ಜೇನುಗೂಡಿನಂತೆ ಸುಕ್ಕುಸುಕ್ಕಾದ ಆ ಅಣಬೆಗೆ ಅಲ್ಲಿಯವರು ಮೊಲ್ಲಿ ಮೂಚರ್ ಎನ್ನುತ್ತಾರೆ. ಯಾಕೆಂದು ಯಾರಿಗೂ ಗೊತ್ತಿಲ್ಲ. ದಿನಬಳಕೆಯಲ್ಲಿ ಬರೀ ಮೊಲ್ಲಿ. ರ‍್ಯಾಂಪ್ ಏಳುವ ಜಾಗವನ್ನು ನೆಂಟರಿಗೆ ಹೇಳಬಹುದು. ಮೊಲ್ಲಿಯ ಜಾಗವನ್ನು ಮಾತ್ರ ಸಾಯುವಾಗ, ಹಾಸಿಗೆಯ ಮೇಲಿಂದ, ಒಬ್ಬರ ಕಿವಿಯಲ್ಲಷ್ಟೇ ಹೇಳುವುದು ಪದ್ಧತಿ. ಡೆಂಜಿಲನ ಅಪ್ಪ ಹಾಗೆಯೇ ಹೇಳಿದ್ದ. ಹೇಳಿದ ಮೇಲೂ ಮೂರು ವಾರ ಬದುಕಿಬಿಟ್ಟು, ಅವಸರಪಟ್ಟೆನಲ್ಲ ಎಂದು ಬಹಳ ಹೊಟ್ಟೆ ಉರಿಸಿಕೊಂಡನಂತೆ.

ಹೋದ ವಸಂತದಲ್ಲಿ ಒಂದು ದಿನ ಡೆಂಜಿಲ್ ಕತ್ತಲಾಗುವ ಹೊತ್ತಿಗೆ ಮನೆಗೆ ಬಂದ. ಮುಖವೆಲ್ಲ ತರಚಿತ್ತು, ಒಂದು ಕಾಲನ್ನು ಎಳೆದು ಹಾಕುತ್ತಿದ್ದ.

“ಎಲ್ಲಿ ಬಿದ್ದೆ?” ಎಂದಳು ಓಜೆಲ್ಲಾ.

“ಬಿದ್ದೆ ಅಂತ ಯಾರು ಹೇಳಿದ್ರು? ಕಾಡಲ್ಲಿ ಟರ್ಕಿ ಕೋಳಿ ಕೂಗ್ತಿತ್ತು. ಕೇಳ್ತಾ ಇದ್ದೆ.”

“ಮುಖ ನೆಲಕ್ಕೆ ಒತ್ಕೊಂಡು ಕೇಳ್ತಿದ್ಯಾ? ಎಲ್ಲಿಗೆ ಹೋಗ್ತೀಯ ಅಂತ ಹೇಳು ಮುದುಕಾ. ನಿನ್ನ ಅಣಬೆ ಯಾರಿಗೆ ಬೇಕು? ನೀನು ಬರ್ದೇ ಇದ್ರೆ ಎಲ್ಲೀಂತ ಹುಡುಕ್ಲಿ?”

“ಸಾಯೋವಾಗ ಹೇಳ್ತೀನಿ.”

“ಸಾಯೋದು ಅಲ್ಲೇ ಆದ್ರೆ?”

“ಅಲ್ಲಿಂದ್ಲೇ ಕೂಗ್ತೀನಿ.”

ಒಮ್ಮೆ ಅವಳು ಅವನ ಹಿಂದೆಯೇ ಕದ್ದು ಹೋದಳು. ಅವನಿಗೆ ಗೊತ್ತಾಯಿತು. ಮುಳ್ಳುಕಂಟಿಯಲ್ಲೆಲ್ಲ ಅಲೆಸಿ, ಕೊನೆಗೆ ಅವಳ ಅತ್ತೆಯ ಸಮಾಧಿಯ ಮುಂದೆ ತಂದು ನಿಲ್ಲಿಸಿ, “ಬಂದಿದ್ದು ಬಂದೆ, ಅಮ್ಮಂಗೆ ಒಂದು ಹೂವಿಟ್ಟು ಹೋಗು” ಎಂದ.

ಅಂದಿನಿಂದ ಓಜೆಲ್ಲಾ ಒಂದು ಸಾಲು ನೆಟ್ಟಾಗಲೆಲ್ಲ ಸೊಂಟ ನೆಟ್ಟಗೆ ಮಾಡಿ ಬೆಟ್ಟಗಳ ಕಡೆ ನೋಡುತ್ತಿದ್ದಳು. ಅವನ ಟ್ರಕ್ಕು ಹೊಳೆ ದಾಟಿ ದೂರದ ಗುಡ್ಡದ ಕಡೆಗೆ ಹೋಗುತ್ತಿತ್ತು. ಹಾಗಾಗಿ ಅವಳು ನೋಡುತ್ತಿದ್ದುದೂ ಅತ್ತಲೇ. ಮನೆಯ ಬೆನ್ನಿಗೇ ಇದ್ದ ಇಳಿಜಾರಿನ ಕಡೆ ಅವಳು ತಲೆ ಎತ್ತಿದವಳಲ್ಲ. ಅಲ್ಲಿದ್ದುದು ಅವಳ ತವರಿನ ಪಾಳುಬಿದ್ದ ಸೇಬಿನ ತೋಟ. ಅಲ್ಲಿ ವಿಷದ ಹಾವುಗಳ ಗೂಡಿದೆ ಎಂದು ಡೆಂಜಿಲನ ಅಪ್ಪ ಬದುಕಿದ್ದಷ್ಟು ಕಾಲ ಊರಿಗೆಲ್ಲ ಸಾರಿದ್ದರಿಂದ ಅಲ್ಲಿಗೆ ಯಾರೂ ಕಾಲಿಡುತ್ತಿರಲಿಲ್ಲ.

ಈ ವರ್ಷ ಚಿಗುರು ಬರುವ ಹೊತ್ತಿಗೆ ಊರಿಗೆ ಹೊಸ ಪಾದ್ರಿ ಬಂದಿದ್ದರು. ಕಾರ್ಲ್‌ಟನ್ ಎಂದು ಹೆಸರು. ಒಹಾಯೊದ ಬಯಲುಸೀಮೆಯ ಪಟ್ಟಣದವರು. ಇನ್ನೂ ಚಿಕ್ಕ ಪ್ರಾಯ. ಒಂದು ಮಧ್ಯಾಹ್ನ ಹಿತ್ತಿಲಿಗೇ ಬಂದು, “ಅಮ್ಮಾ, ಡೆಂಜಿಲ್ ಅವರು ಬುಧವಾರದ ಪ್ರಾರ್ಥನೆಗೆ ಯಾಕೆ ಬರ್ತಿಲ್ಲ?” ಎಂದು ಕೇಳಿದರು.

“ಅವ್ನಾ? ಮೊಲ್ಲಿ ಹಿಂದೆ ಹೋಗಿದಾನೆ,” ಎಂದಳು ಓಜೆಲ್ಲಾ, ಗೆಡ್ಡೆಯ ಮೇಲೆ ಮಣ್ಣೆಳೆಯುತ್ತಾ.

“ಮೊಲ್ಲಿ... ಅಂದ್ರೆ?”

ಆ ಊರಿನಲ್ಲಿ ಹುಟ್ಟಿದವರು ಯಾರೂ ಕೇಳದ ಪ್ರಶ್ನೆ. ಓಜೆಲ್ಲಾ ತಲೆ ಎತ್ತಿದಳು. ಪಾದ್ರಿಯ ಕಿವಿ ಬೀಟ್‌ರೂಟಿನಂತೆ ಕೆಂಪಾಗಿತ್ತು. ಅವಳ ತಲೆಯೊಳಗೆ ಸೈತಾನ ಚಪ್ಪಲಿ ಬಿಟ್ಟು ಒಳಗೆ ಬಂದು ಕುಳಿತ.

“ಮೊಲ್ಲಿ ಮೂಚರ್. ಪ್ರತಿ ವರ್ಷ ಎಲೆ ಚಿಗುರೋ ಹೊತ್ತಿಗೆ ಇವನಿಗೆ ಈ ಹುಚ್ಚು ಕೆದರುತ್ತೆ.”

“ನಿಮಗೆ ಗೊತ್ತಿದ್ದೂ ಸುಮ್ನಿದೀರಾ?”

“ಊರಿಗೇ ಗೊತ್ತು. ಮೈಯೆಲ್ಲ ಸುಕ್ಕು ಅವಳದು. ಇವನಿಗೆ ಅದೇ ಪ್ರೀತಿ. ಒಂದೊಂದ್ಸಲ ಮನೆಗೂ ತರ್ತಾನೆ.”

“ಮನೆಗೆ!”

“ಎಲ್ಲಿರ್ತಾಳೆ ಅಂತ ಮಾತ್ರ ಬಾಯಿ ಬಿಡಲ್ಲ. ನೀವೇ ಸ್ವಲ್ಪ ವಿಚಾರಿಸಿ ಪಾದ್ರಿಗಳೇ. ಮುದುಕ ಅಲ್ಲಿ ಬಿದ್ಕೊಂಡ್ರೆ ಎಲ್ಲಿಗೆ ಹೋಗಿ ಎತ್ಬೇಕು ಅಂತ ಒಬ್ರಿಗಾದ್ರೂ ಗೊತ್ತಿರ್ಬೇಕಲ್ಲ.”

ಇದರಲ್ಲಿ ಒಂದು ಅಕ್ಷರವೂ ಸುಳ್ಳಿರಲಿಲ್ಲ. ಕೊನೆಯ ಮಾತು ಹೇಳುವಾಗ ಅವಳ ದನಿಯೂ ನಿಜವಾಗಿಯೇ ಸ್ವಲ್ಪ ನಡುಗಿತು.

ಮರುದಿನ ಬೆಳಿಗ್ಗೆ ಪಾದ್ರಿ ಬೇಲಿಯ ಹತ್ತಿರ ಡೆಂಜಿಲನನ್ನು ಹಿಡಿದರು. ಓಜೆಲ್ಲಾ ಬಟಾಣಿಯ ಕಡ್ಡಿಗಳ ಹಿಂದೆ ಕುಕ್ಕರುಗಾಲಿನಲ್ಲಿ ಕುಳಿತಿದ್ದಳು. ಕೀಳಲು ಅಲ್ಲಿ ಕಳೆಯೇನೂ ಇರಲಿಲ್ಲ.

“ಡೆಂಜಿಲ್ ಸಹೋದರರೇ, ಮೊಲ್ಲಿ ವಿಷಯ ನನಗೆ ಗೊತ್ತಾಗಿದೆ.”

ಡೆಂಜಿಲನ ಕೈಯಿಂದ ಗುದ್ದಲಿ ಜಾರಿ ಬಿತ್ತು. “ಜಾಗ ಯಾರು ತೋರ್ಸಿದ್ರು?”

“ಅದಿರ್ಲಿ. ಎಷ್ಟು ಕಾಲದಿಂದ ನಡೀತಿದೆ ಇದು?”

“ಅಪ್ಪ ಸಾಯೋವಾಗ ನಂಗೆ ವಹಿಸ್ಕೊಟ್ರು. ಅಲ್ಲೀವರೆಗೂ ಅವರೇ ಹೋಗ್ತಿದ್ರು.”

ಪಾದ್ರಿ ಆಲೂಗಡ್ಡೆಯ ಚೀಲದ ಮೇಲೆ ಕುಸಿದು ಕುಳಿತರು. ಡೆಂಜಿಲ್ ಅತ್ತಿತ್ತ ನೋಡಿ ದನಿ ತಗ್ಗಿಸಿದ. “ದಮ್ಮಯ್ಯ, ಊರಿಗೆ ಹೇಳ್ಬೇಡಿ. ಗೊತ್ತಾದ್ರೆ ಗಂಡಸ್ರೆಲ್ಲ ಓಡಿ ಬರ್ತಾರೆ. ನಾವಿಬ್ರೇ ಹಂಚ್ಕೊಳ್ಳೋಣ.”

“ಹಂಚ್ಕೊಳ್ಳೋದಾ?”

“ಸರಿ, ನೀವು ದೇವರ ಕೆಲಸದವರು. ಮೊದಲ ಪಾಲು ನಿಮ್ದೇ.”

ಓಜೆಲ್ಲಾ ಮೇಲುಡುಪಿನ ಅಂಚನ್ನು ಬಾಯಿಗೆ ತುರುಕಿಕೊಂಡಳು.

ಪಾದ್ರಿ ಎದ್ದು ನಿಂತರು. ಮುಖ ಸುಣ್ಣದಂತಾಗಿತ್ತು. “ಈಗ್ಲೇ ಕರ್ಕೊಂಡು ಹೋಗಿ. ನಾನು ಆ ಹೆಂಗಸಿಗೆ ಬುದ್ಧಿ ಹೇಳ್ಬೇಕು.” ಕಲ್ಲಿದ್ದಲ ಗಣಿಯಲ್ಲಿ ದುಡಿದ ಡೆಂಜಿಲನ ಎಡಗಿವಿ ಎಂದೋ ಕೈಕೊಟ್ಟಿತ್ತು. ಅವನಿಗೆ ಕೇಳಿಸಿದ್ದು “ಕರ್ಕೊಂಡು ಹೋಗಿ” ಎಂಬಷ್ಟೇ. ಯಾರಿಗೂ ಹೇಳುವುದಿಲ್ಲವೆಂದು ಬೈಬಲ್ಲಿನ ಮೇಲೆ ಆಣೆ ಮಾಡಿಸಿಕೊಂಡು ಪಾದ್ರಿಯನ್ನು ಟ್ರಕ್ಕಿಗೆ ಹತ್ತಿಸಿದ. ಟ್ರಕ್ಕು ಎಂದಿನಂತೆ ಹೊಳೆ ದಾಟಿ ಹೋಯಿತು.

ಓಜೆಲ್ಲಾ ಮನಸಾರೆ ನಕ್ಕಳು. ಲೆಟ್ಯೂಸ್ ಸೊಪ್ಪಿನ ಪಾತಿಗೆ ಬೂದಿ ಹಾಕುವಾಗಲೂ ನಗು ಬರುತ್ತಿತ್ತು. ಮಧ್ಯಾಹ್ನ ಜಾರಿತು, ಜೋಳದ ರೊಟ್ಟಿ ಒಲೆಯಲ್ಲಿ ಬೆಂದು ತಣ್ಣಗಾಯಿತು, ಟ್ರಕ್ಕು ಬರಲಿಲ್ಲ. ಆಗ ಅವಳಿಗೆ ತನ್ನ ಲೆಕ್ಕದ ತಪ್ಪು ಹೊಳೆಯಿತು. ಜಾಗ ಗೊತ್ತಿರುವವರು ಈಗ ಇಬ್ಬರಾದರು, ನಿಜ. ಆದರೆ ಇಬ್ಬರೂ ಅಲ್ಲೇ ಇದ್ದಾರಲ್ಲ!

ಅವಳು ಹೊಳೆಯ ದಾರಿಯನ್ನೇ ನೋಡುತ್ತಾ ನಿಂತಳು. ಹಿಂದೆ ಕೋಳಿಗಳು ಗದ್ದಲ ಎಬ್ಬಿಸಿದವು. ನರಿ ಬಂತೆಂದು ತಿರುಗಿದರೆ, ಮನೆಯ ಬೆನ್ನಿನ ಮುಳ್ಳುಕಂಟಿಯನ್ನು ಸೀಳಿಕೊಂಡು ಪಾದ್ರಿ ಇಳಿದು ಬರುತ್ತಿದ್ದರು. ಕೋಟು ಹರಿದಿತ್ತು, ಕುತ್ತಿಗೆಗೆ ಅಣಬೆಯ ಚೀಲ ಜೋತುಬಿದ್ದಿತ್ತು, ಬೆನ್ನಿನ ಮೇಲೆ ಡೆಂಜಿಲ್. ಅವನು ಟೋಪಿಯಿಂದ ಪಾದ್ರಿಯ ತಲೆಗೆ ಬಡಿಯುತ್ತಿದ್ದ.

“ಸುತ್ತಿ ಹೋಗು ಅಂದ್ನಲ್ಲೋ! ಸುತ್ತಿ ಹೋಗು!”

ಪಾದ್ರಿ ಅವನನ್ನು ಕೋಳಿಗೂಡಿನ ಪಕ್ಕ ಇಳಿಸಿ ಏದುಸಿರು ಬಿಟ್ಟರು. “ಸೊಂಟ ಹಿಡ್ಕೊಂಡು ಕೂತ್ಬಿಟ್ರು ಅಮ್ಮಾ. ಅಲ್ಲಿಂದ ನೋಡಿದ್ರೆ ನಿಮ್ಮ ಮನೆ ಹೊಗೆ ಕಾಣ್ತಿತ್ತು. ಟ್ರಕ್ಕಿನ ತನಕ ಯಾಕೆ ಹೊರೋದು ಅಂತ ನೇರ ಇಳಿದೆ.” ಆಮೇಲೆ ನೊಂದ ದನಿಯಲ್ಲಿ, “ಮೊಲ್ಲಿ ಅಂದ್ರೆ ಅಣಬೆ ಅಂತ ಒಂದು ಮಾತು ಹೇಳ್ಬಾರ್ದಿತ್ತಾ? ಅವಳಿಗೆ ಹೇಳೋ ಬುದ್ಧಿವಾದ ದಾರಿಯುದ್ದಕ್ಕೂ ಬಾಯಿಪಾಠ ಮಾಡ್ಕೊಂಡು ಹೋಗಿದ್ದೆ.”

“ಹೇಳಿದ್ರಾ ಮತ್ತೆ?”

“ಯಾರಿಗೆ ಹೇಳ್ಲಿ ಅಮ್ಮಾ, ಅಣಬೆಗಾ?”

ಓಜೆಲ್ಲಾ ನಗಲಿಲ್ಲ. ಪಾದ್ರಿ ಇಳಿದು ಬಂದ ದಾರಿಯನ್ನೇ ನೋಡುತ್ತಿದ್ದಳು. ಕಂಟಿಯ ನಡುವೆ ಬಾಯ್ದೆರೆದಿದ್ದ ಆ ಸೀಳು ನೇರವಾಗಿ ಮುದಿ ಸೇಬಿನ ಮರಗಳತ್ತ ಹೋಗುತ್ತಿತ್ತು.

“ನಮ್ಮಪ್ಪನ ತೋಟ!”

ಡೆಂಜಿಲ್ ಕೋಳಿಗಳನ್ನು ನೋಡತೊಡಗಿದ.

“ಮನೆ ಹಿಂದೆ ಇರೋ ಜಾಗಕ್ಕೆ ಬೆಟ್ಟ ಸುತ್ತಿ ಹೋಗಿ ಸೊಂಟ ಮುರ್ಕೊಂಡ್ಯಲ್ಲೋ ಮುಟ್ಠಾಳ!”

“ನಮ್ಮಪ್ಪ ನಿಮ್ಮಪ್ಪಂಗೆ ಗೊತ್ತಾಗ್ದಂಗೆ ಕೀಳ್ತಿದ್ದ. ಆಮೇಲೆ ನಿನ್ನೇ ಕಟ್ಕೊಂಡೆ. ಇನ್ನು ಹೇಗೆ ಹೇಳ್ಲಿ?”

“ಕಟ್ಕೊಂಡಿದ್ದೂ ಅಣಬೆಗೇನಾ?”

ಡೆಂಜಿಲ್ ಬೇಕಾದ್ದಕ್ಕಿಂತ ಸ್ವಲ್ಪ ಹೆಚ್ಚೇ ಯೋಚಿಸಿದ. “ಅಣಬೆ ಇರೋದು ವರ್ಷಕ್ಕೆ ಎರಡು ವಾರ ಕಣೆ. ಉಳಿದ ದಿನಕ್ಕೂ ಒಬ್ರು ಬೇಕಲ್ಲ.”

ಅವಳು ಬಗ್ಗಿ ಅವನ ತಲೆಗೂದಲಿನಿಂದ ಮುಳ್ಳುಗಳನ್ನು ಆರಿಸತೊಡಗಿದಳು, ನೋಯುವಂತೆಯೇ ಆರಿಸಿದಳು. “ಇನ್ಮೇಲೆ ಹಿತ್ತಿಲ ದಾರೀಲೇ ಹೋಗು. ನಮ್ಮಪ್ಪನ ತೋಟಕ್ಕೆ ನನ್ನನ್ನ ಕೇಳಿ ಹೋಗು. ನಾನು ಬಟಾಣಿ ಸಾಲಲ್ಲಿ ನಿಂತು ನೋಡ್ತಿರ್ತೀನಿ.”

ಆ ರಾತ್ರಿಯ ಊಟಕ್ಕೆ ಪಾದ್ರಿಯೂ ಉಳಿದರು. ಉಪ್ಪುನೀರಿನಲ್ಲಿ ನೆನೆದ ಮೊಲ್ಲಿ ಬೆಣ್ಣೆಯಲ್ಲಿ ಹುರಿದು ತಟ್ಟೆಗೆ ಬಂದಾಗ ಅವರು ಕಣ್ಣು ಮುಚ್ಚಿ ತಿಂದರು. ಜೊತೆಗೆ ಉಳಿದಿದ್ದ ರ‍್ಯಾಂಪನ್ನೂ ಕೇಳಿ ಕೇಳಿ ಹಾಕಿಸಿಕೊಂಡರು.

ಭಾನುವಾರ ಚರ್ಚಿನ ಮುಂದಿನ ಎರಡು ಸಾಲು ಬೆಂಚುಗಳು ಆ ವಾಸನೆಗೇ ಖಾಲಿಯಾದವು. ಅಂದಿನ ಪ್ರವಚನ ಸೇಬಿನ ಮರದ ಕೆಳಗಿನ ಹಾವಿನ ಮೇಲೆ. ಮರ ಎಷ್ಟು ಹಳೆಯದಾದರೆ ಅದರ ಬುಡದ ಹಾವು ಅಷ್ಟು ಕೆಟ್ಟದ್ದು, ಬುದ್ಧಿ ಇದ್ದವರು ಅತ್ತ ತಲೆ ಹಾಕಬಾರದು ಎಂದು ಪಾದ್ರಿ ಮೇಜು ಗುದ್ದಿ ಹೇಳಿದರು. ಅಂತಹ ಪ್ರವಚನವನ್ನು ಆ ಊರು ಕೇಳಿರಲಿಲ್ಲ.

“ಆಮೆನ್!” ಎಂದಳು ಓಜೆಲ್ಲಾ, ಎಲ್ಲರಿಗಿಂತ ಜೋರಾಗಿ.