ಹಳದಿಗೆ ತಿರುಗದ ನೀರು

ಶಹಾಪುರ ತಾಲೂಕಿನ ಸಗರದ ಆಚೆಯ ಸಣ್ಣ ಊರೊಂದರಲ್ಲಿ ಮಲ್ಲಿಕಮ್ಮ ಹನ್ನೊಂದು ವರ್ಷದಿಂದ ನಳಕ್ಕೆ ನೀರು ಬಿಡುತ್ತಿದ್ದಳು. ನೀರಿನ ಟಾಕಿಯ ವಾಲ್ವ್ ತಿರುಗಿಸುವುದು, ನೀರು ತಡವಾದರೆ ಬೈಸಿಕೊಳ್ಳುವುದು, ಇಷ್ಟೇ ತನ್ನ ಕೆಲಸ ಎಂದುಕೊಂಡಿದ್ದಳು.

ಬೇಸಿಗೆಯಲ್ಲಿ ಪಂಚಾಯಿತಿಯವರು ಅವಳನ್ನು ಶಹಾಪುರಕ್ಕೆ ನೀರು ಬಿಡುವವರ ಮೂರು ದಿನದ ತರಬೇತಿಗೆ ಕಳಿಸಿದರು. ನಲವತ್ತು ಗಂಡಸರ ನಡುವೆ ಅವಳೊಬ್ಬಳೇ ಹೆಂಗಸು. ಕಲಿಸಲು ಬಂದಿದ್ದ ಫರ್ಹತ ಮೇಡಂ ನೀರಿಗೆ ಔಷಧದ ಹನಿ ಬಿಟ್ಟು ತೋರಿಸಿದರು. ಹಳದಿಯಾದರೆ ರೋಗಾಣು ಕೊಲ್ಲುವ ಕ್ಲೋರಿನ್ ಉಳಿದಿದೆ. ಆಗದಿದ್ದರೆ ದಾರಿಯಲ್ಲಿ ಹೊಲಸು ಸೇರಿರಬಹುದು.

"ಟಾಕಿ ಹತ್ರ ಅಷ್ಟ ನೋಡಬ್ಯಾಡ್ರಿ. ಕಡೀ ನಳದಾಗ ನೋಡ್ರಿ," ಎಂದರು.

ಮಲ್ಲಿಕಮ್ಮ ಅಲ್ಲಿ ಕೊಟ್ಟ ಔಷಧದ ಸೀಸೆ ತಂದು ಅಂದಿನಿಂದ ದಿನವೂ ನೋಡಿದಳು. ಮಳೆ ಹಿಡಿದ ಒಂದು ಬೆಳಗ್ಗೆ ಟಾಕಿಯ ನೀರು ಹಳದಿಯಾಯಿತು, ಕೊನೆಯ ಓಣಿಯ ನೀರು ಆಗಲಿಲ್ಲ. ಮತ್ತೊಮ್ಮೆ ನೋಡಿದಳು. ಇಲ್ಲ. ಅದೇ ಓಣಿಯ ಎರಡು ಮಕ್ಕಳಿಗೆ ನಿನ್ನೆಯಿಂದ ಭೇದಿ ಎಂಬುದು ನೆನಪಾಯಿತು. ಓಡಿಹೋಗಿ ವಾಲ್ವ್ ಬಂದ್ ಮಾಡಿದಳು.

ಪಂಚಾಯಿತಿ ಸದಸ್ಯ ಭಾಗಣ್ಣ ಸಿಟ್ಟಿನಿಂದಲೇ ಬಂದ. "ಯಾರನ್ನ ಕೇಳಿ ಬಂದ್ ಮಾಡಿದಿ? ಮಂದಿ ನನ್ನ ಮನಿ ಮುಂದ ಕೊಡ ಹಿಡಕೊಂಡು ನಿಂತಾರ!"

"ನೀರು ಕೆಟ್ಟೈತ್ರಿ, ಅಣ್ಣಾರ. ತುಂಬಿಟ್ಟಿದ್ದನ್ನ ಕುದಿಸಿ ಕುಡೀರಿ ಅಂತ ಹೇಳ್ರಿ. ಎಲ್ಲಿ ಕೆಟ್ಟೈತಿ ಅಂತ ನಾ ಹುಡುಕ್ತೀನಿ."

ಕೊನೆಯ ಮನೆಯಿಂದ ಹಿಂದಕ್ಕೆ, ಮನೆಮನೆಗೂ ಹೋಗಿ ಆ ಬೆಳಗ್ಗೆ ತುಂಬಿದ ಕೊಡದಿಂದ ಒಂದೊಂದು ಲೋಟ ನೀರು ಕೇಳಿದಳು. ಕೆಲವರು ನಕ್ಕರು. ಬಾಲಮ್ಮನ ಮನೆಯ ನೀರು ಬಣ್ಣ ತಿರುಗಲಿಲ್ಲ. ಅದಕ್ಕಿಂತ ಮೇಲೆ, ಟಾಕಿಯ ಕಡೆಗಿದ್ದ ಸುಂದ್ರಮ್ಮನ ಮನೆಯ ನೀರು ತಿಳಿಹಳದಿಯಾಯಿತು. ಎರಡೂ ಮನೆಗಳ ನಡುವೆ ಗಟಾರ ಹರಿಯುತ್ತಿತ್ತು.

"ಇಲ್ಲೇ ಅಗೀರಿ," ಎಂದು ಹಿಂದೆ ಬಂದಿದ್ದ ಭಾಗಣ್ಣನಿಗೂ ಓಣಿಯವರಿಗೂ ಹೇಳಿದಳು.

ಮೊಣಕಾಲುದ್ದ ಅಗೆಯುವಷ್ಟರಲ್ಲಿ ಪೈಪಿನ ಜೋಡಣೆ ಕಂಡಿತು. ಅದು ಸೀಳು ಬಿಟ್ಟಿತ್ತು; ಗಟಾರದ ಕಪ್ಪು ನೀರು ಅದರ ಸುತ್ತ ನಿಂತಿತ್ತು. ಭಾಗಣ್ಣ ಅಂಗಿಯ ತೋಳು ಮಡಚಿ ತಾನೇ ಗುದ್ದಲಿ ಹಿಡಿದ. ಸಂಜೆಯೊಳಗೆ ಹೊಸ ಪೈಪು ಬಿತ್ತು. ಮರುದಿನ ಕೊನೆಯ ನಳದ ನೀರು ಹಳದಿಯಾಯಿತು. ಭೇದಿ ಮತ್ತೊಂದು ಮನೆಗೆ ಹಬ್ಬಲಿಲ್ಲ. ಆ ಎರಡು ಮಕ್ಕಳೂ ವಾರದೊಳಗೆ ಶಾಲೆಗೆ ಹೋದವು.

ಮುಂದಿನ ತರಬೇತಿಗೆ ಫರ್ಹತ ಮೇಡಂ ಅವಳನ್ನೇ ಕರೆಸಿ ನಡೆದದ್ದನ್ನು ಹೇಳೆಂದು ಎಲ್ಲರೆದುರು ನಿಲ್ಲಿಸಿದರು. ಸುರಪುರದ ಕಡೆಯವನೊಬ್ಬ ಎದ್ದು, "ದಿನಾ ಯಾಕ ನೋಡ್ತೀರಿ, ಅಕ್ಕಾರ? ಯಾರೂ ಕೇಳಂಗಿಲ್ಲಲ್ಲ?" ಎಂದ.

ಮಲ್ಲಿಕಮ್ಮ ಸೆರಗು ಸರಿಮಾಡಿಕೊಂಡು ತಲೆಯೆತ್ತಿದಳು. "ಯಾರ್ ಕೇಳ್ಬೇಕ್ರಿ? ಊರಿಗೆ ನೀರು ಬಿಡಾಕಿ ನಾನ ಅಲ್ಲೇನ್ರಿ?"

ಆಮೇಲಿನ ಒಂದು ತಾಸು ಪಾಠ ಅವಳದೇ ಆಯಿತು.